ಸ್ಟಲೋನ್‌ಗೆ ಫ್ರೆಂಚ್ ಮಾತು ಕೊಟ್ಟವರು: ಅಲೇನ್ ಡೋರ್ವಾಲ್ ಪ್ರಕರಣ

2025ರ ಜನವರಿಯಲ್ಲಿ ಇಲೆವೆನ್‌ಲ್ಯಾಬ್ಸ್ ಎಂಬ ಕಂಪನಿ ಒಂದು ಸುದ್ದಿ ಹೊರಡಿಸಿತು. ಸಿಲ್ವೆಸ್ಟರ್ ಸ್ಟಲೋನ್ ನಟಿಸಿದ 'ಆರ್ಮರ್' ಸಿನಿಮಾದ ಫ್ರೆಂಚ್ ಡಬ್ಬಿಂಗ್‌ನಲ್ಲಿ ಅಲೇನ್ ಡೋರ್ವಾಲ್ ಅವರ ದನಿ ಮತ್ತೆ ಕೇಳಿಸುತ್ತದೆ ಎನ್ನುವುದು ಆ ಸುದ್ದಿ. ಡೋರ್ವಾಲ್ ತೀರಿಕೊಂಡಿದ್ದು 2024ರ ಫೆಬ್ರವರಿ 13ರಂದು. ಆ ಸಿನಿಮಾದ ಒಂದು ಸಾಲನ್ನೂ ಅವರು ಹೇಳಿರಲಿಲ್ಲ. ಅವರು ಬಿಟ್ಟುಹೋದ ದನಿಯನ್ನು ಕೃತಕ ಬುದ್ಧಿಮತ್ತೆಗೆ, ಅಂದರೆ ಎಐಗೆ ಕಲಿಸಿ, ಅದರಿಂದ ಹೊಸ ಮಾತು ಆಡಿಸುವ ಯೋಜನೆ ಅದು.

ಫ್ರಾನ್ಸ್‌ನಲ್ಲಿ ದೊಡ್ಡ ಗಲಾಟೆಯೇ ಆಯಿತು. ಡಬ್ಬಿಂಗ್ ಕಲಾವಿದರು ಸಿಟ್ಟಾದರು. ಸ್ಟಲೋನ್ ಅಭಿಮಾನಿಗಳು ಮಾದರಿ ತುಣುಕು ಕೇಳಿ ಬೇಸರ ಮಾಡಿಕೊಂಡರು. ಡೋರ್ವಾಲ್ ಮಗಳು ಓರೋರ್ ಬೆರ್ಜೇ ಆಗ ಫ್ರಾನ್ಸ್ ಸರ್ಕಾರದಲ್ಲಿ ಮಂತ್ರಿ. ಅವರೂ ಬಹಿರಂಗವಾಗಿ ಮಾತಾಡಬೇಕಾಯಿತು.

ಇದನ್ನು ಇನ್ನೊಂದು ಎಐ ಸುದ್ದಿ ಅಂತ ಓದಿ ಬಿಟ್ಟರೆ ಅರ್ಧ ವಿಷಯ ಮಾತ್ರ ಸಿಗುತ್ತದೆ. ಡೋರ್ವಾಲ್ ಜೀವನಪೂರ್ತಿ ಮಾಡಿದ ಕೆಲಸ ಎಂಥದ್ದು, ಅದನ್ನು ಮಾಡುವ ಬಗೆ ಹೇಗೆ, ಅದಕ್ಕೆ ಕಾನೂನಿನ ಬೆಂಬಲ ಎಷ್ಟಿತ್ತು ಅನ್ನೋದು ಗೊತ್ತಾದರೆ ಮಾತ್ರ ಜನ ಯಾಕೆ ಅಷ್ಟು ನೊಂದುಕೊಂಡರು ಅಂತ ಅರ್ಥವಾಗುತ್ತದೆ. ಹಾಗಾಗಿ ಅವರ ವೃತ್ತಿಯಿಂದಲೇ ಶುರು ಮಾಡುತ್ತೇನೆ.

ಒಂದೇ ವಯಸ್ಸಿನ ಇಬ್ಬರು

ಡೋರ್ವಾಲ್ ಹುಟ್ಟಿದ್ದು 1946ರಲ್ಲಿ, ಆಗಿನ್ನೂ ಫ್ರಾನ್ಸ್ ಆಳ್ವಿಕೆಯಲ್ಲಿದ್ದ ಅಲ್ಜಿಯರ್ಸ್‌ನಲ್ಲಿ. ನಿಜವಾದ ಹೆಸರು ಅಲೇನ್ ಬೆರ್ಜೇ. ಡೋರ್ವಾಲ್ ಅನ್ನೋದು ರಂಗದ ಹೆಸರು. ಸ್ಟಲೋನ್ ಹುಟ್ಟಿದ್ದೂ 1946ರಲ್ಲೇ, ನ್ಯೂಯಾರ್ಕ್‌ನಲ್ಲಿ. ಇದು ಸುಮ್ನೆ ಕಾಕತಾಳೀಯ ಅನ್ನಿಸಬಹುದು. ಆದರೆ ಈ ಪ್ರಕರಣದಲ್ಲಿ ಅದಕ್ಕೆ ಬೆಲೆ ಇದೆ.

ಬಾಕ್ಸರ್ ಒಬ್ಬನ ಕಥೆಯಾದ 'ರಾಕಿ' ಅಮೆರಿಕದಲ್ಲಿ 1976ರ ಕೊನೆಗೆ ಬಂತು, ಫ್ರಾನ್ಸ್‌ನಲ್ಲಿ 1977ರಲ್ಲಿ. ಸ್ಟಲೋನ್ ಆಗ ಯಾರಿಗೂ ಅಷ್ಟಾಗಿ ಗೊತ್ತಿರದ ನಟ. ಅವರ ಫ್ರೆಂಚ್ ದನಿಗೆ ಆಯ್ಕೆಯಾದವರು ಡೋರ್ವಾಲ್. ಇಬ್ಬರಿಗೂ ಮೂವತ್ತರ ಆಸುಪಾಸು. ಆಮೇಲೆ ರಾಕಿಯ ಮುಂದಿನ ಭಾಗಗಳು, 'ರಾಂಬೋ' ಸರಣಿ, 'ಕೋಬ್ರಾ', 2006ರ 'ರಾಕಿ ಬಾಲ್ಬೋವಾ', 2010ರಿಂದ 'ಎಕ್ಸ್‌ಪೆಂಡಬಲ್ಸ್', 2015ರ 'ಕ್ರೀಡ್', 2022ರ ಟಿವಿ ಸರಣಿ 'ಟಲ್ಸಾ ಕಿಂಗ್', ಹೀಗೆ ನಲವತ್ತೈದು ವರ್ಷಕ್ಕೂ ಜಾಸ್ತಿ ಸ್ಟಲೋನ್ ಸಿನಿಮಾಗಳಲ್ಲಿ ಬಹುಪಾಲಿಗೆ ಡೋರ್ವಾಲ್ ದನಿಯೇ. ಮುಖಕ್ಕೆ ಸುಕ್ಕು ಬಿದ್ದ ಹಾಗೆ ದನಿಗೂ ವಯಸ್ಸಾಯಿತು. ಮೂವತ್ತರ ರಾಕಿಯ ಉಸಿರು, ಅರವತ್ತರ ರಾಕಿಯ ಉಸಿರು, 'ಕ್ರೀಡ್'ನಲ್ಲಿ ಕಾಯಿಲೆ ಬಿದ್ದ ಮುದುಕ ರಾಕಿಯ ಉಸಿರು, ಮೂರಕ್ಕೂ ಒಬ್ಬನೇ ಮನುಷ್ಯನ ಎದೆಗೂಡು. ಬೇರೆ ಬೇರೆ ನಟರಿಂದ ಮಾಡಿಸಿದ್ದರೆ ಇದು ಸಿಗುತ್ತಿರಲಿಲ್ಲ.

ಸ್ಟಲೋನ್‌ಗೆ ದನಿ ಕೊಡುವುದು ಸಲೀಸಾದ ಕೆಲಸವಲ್ಲ. ಹೆರಿಗೆ ಹೊತ್ತಿನಲ್ಲಿ ಇಕ್ಕಳ ಬಳಸಿದಾಗ ಒಂದು ನರಕ್ಕೆ ಪೆಟ್ಟು ಬಿದ್ದು, ಅವರ ಮುಖದ ಎಡಗಡೆ ಕೆಳಭಾಗಕ್ಕೆ ಸ್ವಾಧೀನ ಹೋಯಿತು. ತುಟಿ ಒಂದು ಕಡೆ ಇಳಿಬಿದ್ದಿದೆ. ಮಾತು ಸ್ವಲ್ಪ ತೊದಲಿದಂತೆ, ನುಂಗಿದಂತೆ ಬರುತ್ತದೆ. ಅವರ ಇಂಗ್ಲಿಷ್ ಕೇಳಿದವರಿಗೆ ಇದು ಗೊತ್ತು. ಡಬ್ಬಿಂಗ್ ಮಾಡುವವರಿಗೆ ಇಲ್ಲಿ ತುಟಿ ಓದುವುದೇ ಕಷ್ಟ. ಎಲ್ಲಿ ಬಾಯಿ ಮುಚ್ಚಿತು, ಎಲ್ಲಿ ತೆರೆಯಿತು ಅನ್ನೋದು ಎರಡೂ ಕಡೆ ಒಂದೇ ತರ ಕಾಣುವುದಿಲ್ಲ.

ಡೋರ್ವಾಲ್ ಆ ತೊದಲನ್ನು ಅನುಕರಿಸಲು ಹೋಗಲಿಲ್ಲ. ಅವರದು ಆಳವಾದ, ತುಸು ಒಡೆದ, ಬೆಚ್ಚಗಿನ ದನಿ. ಮಾತು ಸ್ಪಷ್ಟ. ಹಾಗಾಗಿ ಫ್ರೆಂಚ್ ಸ್ಟಲೋನ್ ಮೂಲ ಸ್ಟಲೋನ್‌ಗಿಂತ ಬೇರೆಯೇ ಮನುಷ್ಯ. ಹೆಚ್ಚು ಗಟ್ಟಿ, ಹೆಚ್ಚು ಗಂಭೀರ. ಮೂಲಕ್ಕೆ ಇದು ದ್ರೋಹ ಅಂತ ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಮುಖ ಹೇಳದೇ ಉಳಿಸಿದ್ದನ್ನು ದನಿ ತುಂಬಿಕೊಟ್ಟಿತು. ರಾಕಿ ದಡ್ಡನ ಹಾಗೆ ಕಂಡರೂ ಒಳಗೆ ಮೆತ್ತನೆಯ ಮನುಷ್ಯ ಅನ್ನೋದನ್ನು ಫ್ರೆಂಚ್ ಪ್ರೇಕ್ಷಕರು ಡೋರ್ವಾಲ್ ದನಿಯಲ್ಲೇ ಕೇಳಿದರು.

ಮೊದಲ 'ರಾಂಬೋ' ಸಿನಿಮಾದ ಕೊನೆಯ ದೃಶ್ಯ ನೋಡಿ. ಇಡೀ ಸಿನಿಮಾದಲ್ಲಿ ಹೆಚ್ಚು ಮಾತೇ ಆಡದ ಸೈನಿಕ ಅಲ್ಲಿ ಕುಸಿದು ಕೂತು ಕರ್ನಲ್ ಎದುರು ಅಳುತ್ತಾನೆ. ಸೈಗಾನ್‌ನಲ್ಲಿ ಬೂಟ್ ಪಾಲಿಶ್ ಡಬ್ಬದೊಳಗೆ ಬಾಂಬ್ ಇಟ್ಟಿದ್ದು, ಗೆಳೆಯ ಕಣ್ಣೆದುರೇ ಛಿದ್ರವಾಗಿದ್ದು, ಎಲ್ಲ ಒಂದೇ ಓಟದಲ್ಲಿ ಹೇಳುತ್ತಾನೆ. ಅಳು ಮಾತನ್ನು ನುಂಗುತ್ತದೆ. ವಾಕ್ಯ ಮುಗಿಯುವ ಮೊದಲೇ ಉಸಿರು ಕಟ್ಟುತ್ತದೆ. ಡಬ್ಬಿಂಗ್ ಕಲಾವಿದನಿಗೆ ಇಲ್ಲಿ ಬರೀ ಪದ ಹೊಂದಿಸಿದರೆ ಸಾಲದು. ಬೇರೆಯವನ ಬಿಕ್ಕಳಿಕೆಯ ಲೆಕ್ಕಕ್ಕೆ ಸರಿಯಾಗಿ ತಾನು ಬಿಕ್ಕಬೇಕು, ಆದರೂ ಆ ಅಳು ತನ್ನದೇ ಆಗಿರಬೇಕು. ಇದು ನಟನೆ. ಪೂರ್ತಿ ನಟನೆ.

ಪರದೆಯ ಕೆಳಗೆ ಓಡುವ ಪಟ್ಟಿ

ಫ್ರಾನ್ಸ್‌ನಲ್ಲಿ ಡಬ್ಬಿಂಗ್ ಮಾಡುವ ವಿಧಾನವೇ ಬೇರೆ. ನಮ್ಮಲ್ಲಿ ಕಂಠದಾನ ಕಲಾವಿದರು ಕಿವಿಗೆ ಹೆಡ್‌ಫೋನ್ ಹಾಕಿ, ಮೂಲ ಮಾತು ಕೇಳುತ್ತಾ, ಕೈಯಲ್ಲಿ ಹಾಳೆ ಹಿಡಿದು, ತುಟಿ ನೋಡಿಕೊಂಡು ಹೇಳುವುದು ಸಾಮಾನ್ಯ. ಫ್ರೆಂಚರದು 'ಬಾಂದ್ ರಿತ್ಮೋ' ಪದ್ಧತಿ. ಪರದೆಯ ಮೇಲೆ ಸಿನಿಮಾ ಓಡುತ್ತಿರುತ್ತದೆ. ಅದರ ಕೆಳಗೆ ಉದ್ದನೆಯ ಪಟ್ಟಿಯೊಂದು ಬಲದಿಂದ ಎಡಕ್ಕೆ ಸರಿಯುತ್ತಿರುತ್ತದೆ. ಪಟ್ಟಿಯ ಮೇಲೆ ಸಂಭಾಷಣೆ ಬರೆದಿರುತ್ತದೆ. ಎಡಗಡೆ ಒಂದು ನಿಂತ ಗೆರೆ. ಯಾವ ಅಕ್ಷರ ಆ ಗೆರೆ ಮುಟ್ಟುತ್ತದೋ ಅದನ್ನು ಆ ಕ್ಷಣಕ್ಕೇ ಹೇಳಬೇಕು.

ಆ ಪಟ್ಟಿ ತಯಾರಾಗುವ ಬಗೆ ಕೇಳಿದರೆ ಈ ಕೆಲಸದಲ್ಲಿ ಎಷ್ಟು ಕೈಗಳಿವೆ ಅಂತ ಗೊತ್ತಾಗುತ್ತದೆ. ಮೊದಲು ಒಬ್ಬರು ಮೂಲ ಸಿನಿಮಾವನ್ನು ನಿಧಾನವಾಗಿ ಓಡಿಸಿ ಪಾತ್ರಗಳ ಬಾಯಿ ಓದುತ್ತಾರೆ. ಪ, ಬ, ಮ ತರದ ತುಟಿ ಕೂಡುವ ಅಕ್ಷರ ಎಲ್ಲಿ ಬಂತು, ಬಾಯಿ ಅಗಲ ಎಲ್ಲಿ ಆಯಿತು, ಎಲ್ಲಿ ಉಸಿರೆಳೆದರು, ಎಲ್ಲಿ ನಕ್ಕರು, ಎಲ್ಲಿ ದೃಶ್ಯ ಕತ್ತರಿಸಿತು, ಎಲ್ಲಕ್ಕೂ ಗುರುತು ಹಾಕುತ್ತಾರೆ. ಆಮೇಲೆ ಸಂಭಾಷಣೆ ಬರೆಯುವವರು ಆ ಗುರುತುಗಳ ಮೇಲೆ ಫ್ರೆಂಚ್ ಮಾತು ಕೂರಿಸುತ್ತಾರೆ. ಬಾಯಿ ಮುಚ್ಚಿದ ಜಾಗಕ್ಕೆ ತುಟಿ ಕೂಡುವ ಅಕ್ಷರವೇ ಬರಬೇಕು, ಅರ್ಥವೂ ಕೆಡಬಾರದು. ಹಿಂದೆಲ್ಲ ಇದನ್ನು ಪಾರದರ್ಶಕ ಫಿಲ್ಮ್ ಪಟ್ಟಿಯ ಮೇಲೆ ಅಂದವಾದ ಕೈಬರಹದಲ್ಲಿ ಬರೆಯುತ್ತಿದ್ದರು, ಅದಕ್ಕೆಂದೇ ಕೈಬರಹದವರು ಇರುತ್ತಿದ್ದರು. ನಟ ಎಳೆದು ಹೇಳಬೇಕಾದ ಪದ ಪಟ್ಟಿಯ ಮೇಲೆ ಹಿಗ್ಗಿ ಕೂತಿರುತ್ತಿತ್ತು, ಗಡಿಬಿಡಿಯಲ್ಲಿ ಹೇಳಬೇಕಾದ್ದು ಕುಗ್ಗಿ ಇರುತ್ತಿತ್ತು. ಈಗ ಎಲ್ಲ ಕಂಪ್ಯೂಟರ್‌ನಲ್ಲಿ. ತತ್ವ ಮಾತ್ರ ಅದೇ.

ನಟರು ಪರದೆಯ ಎದುರು, ಸೊಂಟದೆತ್ತರದ ಒಂದು ಕಂಬಿಯ ಹಿಂದೆ ನಿಲ್ಲುತ್ತಾರೆ. ಕೂತು ಹೇಳುವುದಿಲ್ಲ. ದೇಹ ನಿಂತಿದ್ದರೆ ಉಸಿರಿಗೆ ಜಾಗ ಸಿಗುತ್ತದೆ. ಸಿನಿಮಾವನ್ನು ಒಂದೊಂದು ನಿಮಿಷದ ಆಸುಪಾಸಿನ ತುಂಡುಗಳಾಗಿ ಒಡೆದಿರುತ್ತಾರೆ. ಒಂದು ತುಂಡನ್ನು ಮೂಲ ಭಾಷೆಯಲ್ಲಿ ಒಮ್ಮೆ ನೋಡಿ, ಸ್ವಲ್ಪ ಅಭ್ಯಾಸ ಮಾಡಿ, ರೆಕಾರ್ಡ್ ಮಾಡುತ್ತಾರೆ. ಡಬ್ಬಿಂಗ್ ನಿರ್ದೇಶಕರು ಪಕ್ಕದಲ್ಲೇ ಇದ್ದು ತಿದ್ದುತ್ತಾರೆ. ನಟರಿಗೆ ಸಂಬಳ ಸಾಲಿನ ಲೆಕ್ಕದಲ್ಲಿ. ಒಂದು ಸಾಲು ಅಂದರೆ 50 ಅಕ್ಷರ, ಪದಗಳ ನಡುವಿನ ಜಾಗವೂ ಸೇರಿ.

ರಾಕಿ ಕೊನೆಯಲ್ಲಿ ಕಣ್ಣು ಊದಿಕೊಂಡು, ಗದ್ದಲದ ನಡುವೆ ತನ್ನ ಹುಡುಗಿಯ ಹೆಸರನ್ನು ಕೂಗಿ ಕೂಗಿ ಕರೆಯುತ್ತಾನಲ್ಲ, ಆ ಕೂಗು ಈ ಲೆಕ್ಕದಲ್ಲಿ ಒಂದು ಸಾಲು ಕೂಡ ಆಗುವುದಿಲ್ಲ. ಹದಿನೈದು ಸುತ್ತು ಹೊಡೆತ ತಿಂದ ದೇಹದಿಂದ ಬರಬೇಕಾದ ಕೂಗು. ಅದನ್ನು ಸದ್ದಿಲ್ಲದ ಸ್ಟುಡಿಯೋದಲ್ಲಿ, ಮೈಕ್ ಮುಂದೆ, ಸುಸ್ತೇ ಆಗದ ದೇಹದಿಂದ ತೆಗೆಯಬೇಕು. ಫ್ರಾನ್ಸ್‌ನಲ್ಲಿ ಒಂದು ತಲೆಮಾರಿನ ಕಿವಿಯಲ್ಲಿ ಉಳಿದಿರುವುದು ಇಂಥ ಕೂಗುಗಳೇ.

ದೊಡ್ಡ ಹೆಸರು, ಸಣ್ಣ ಭದ್ರತೆ

ನಲವತ್ತೈದು ವರ್ಷ ಒಬ್ಬ ತಾರೆಯ ದನಿಯಾಗಿದ್ದರೂ ಆ ಜಾಗ ಡೋರ್ವಾಲ್‌ಗೆ ಕಾಯಂ ಆಗಿರಲಿಲ್ಲ. ಫ್ರಾನ್ಸ್‌ನಲ್ಲಿ ಡಬ್ಬಿಂಗ್ ಕೆಲಸ ಸಿನಿಮಾದಿಂದ ಸಿನಿಮಾಕ್ಕೆ ಸಿಗುವ ಕೆಲಸ. 'ಈ ತಾರೆಗೆ ಈ ದನಿ' ಅನ್ನೋದು ರೂಢಿ ಮಾತ್ರ. ವಿತರಕರು ಮುಂದಿನ ಸಿನಿಮಾಕ್ಕೆ ಬೇರೆಯವರನ್ನು ಕರೆದರೆ ಕೇಳುವ ಹಾಗಿಲ್ಲ. ಪ್ರೇಕ್ಷಕರು ಸಿಟ್ಟಾಗುತ್ತಾರೆ ಎಂಬ ಭಯವೇ ಕಲಾವಿದನಿಗೆ ರಕ್ಷಣೆ.

ಡೋರ್ವಾಲ್ ಬರೀ ಸ್ಟಲೋನ್‌ಗೆ ಅಂಟಿಕೊಂಡವರಲ್ಲ. ಡಿಸ್ನಿ ಕಾರ್ಟೂನ್‌ಗಳಲ್ಲಿ ಮಿಕ್ಕಿಗೆ ಸದಾ ಕಾಟ ಕೊಡುವ ದಡೂತಿ ಪೀಟ್ ಇದ್ದಾನಲ್ಲ, ಫ್ರೆಂಚ್‌ನಲ್ಲಿ ಅವನ ದನಿಯೂ ಬಹುಕಾಲ ಇವರದೇ. ರಾಂಬೋ ನೋಡುತ್ತಿದ್ದ ಅಪ್ಪ, ಕಾರ್ಟೂನ್ ನೋಡುತ್ತಿದ್ದ ಮಗು, ಇಬ್ಬರೂ ಕೇಳುತ್ತಿದ್ದುದು ಒಬ್ಬರನ್ನೇ. ಬೀದಿಯಲ್ಲಿ ಎದುರಿಗೆ ಬಂದರೆ ಮುಖ ಗುರುತಿಸುವವರು ಕಡಿಮೆ. ಡಬ್ಬಿಂಗ್ ನಟರ ಪಾಲಿಗೆ ಖ್ಯಾತಿ ಅಂದರೆ ಇಷ್ಟೇ.

ಆದರೂ ಫ್ರಾನ್ಸ್ ಈ ವೃತ್ತಿಯನ್ನು ಬೇರೆ ಎಷ್ಟೋ ದೇಶಗಳಿಗಿಂತ ಚೆನ್ನಾಗಿ ಕಾಪಾಡಿದೆ. ಥಿಯೇಟರ್‌ಗೆ ಬರುವ ವಿದೇಶಿ ಸಿನಿಮಾದ ಫ್ರೆಂಚ್ ಡಬ್ಬಿಂಗ್ ಫ್ರಾನ್ಸ್‌ನ ಸ್ಟುಡಿಯೋದಲ್ಲೇ ಆಗಬೇಕು ಎಂಬ ನಿಯಮ ದಶಕಗಳ ಕಾಲ ಇತ್ತು. ಮುಂದೆ ಅದನ್ನು ಯುರೋಪಿಗೆ ವಿಸ್ತರಿಸಿದರು. ಇದೇ ಕಾರಣಕ್ಕೆ ಕೆನಡಾದ ಕ್ವಿಬೆಕ್‌ನಲ್ಲಿ ಮಾಡಿದ ಫ್ರೆಂಚ್ ಡಬ್ಬಿಂಗ್ ಫ್ರಾನ್ಸ್‌ನ ಥಿಯೇಟರ್‌ಗಳಿಗೆ ಬರಲಾಗುತ್ತಿರಲಿಲ್ಲ, ಅದರ ಜಗಳ ವರ್ಷಗಟ್ಟಲೆ ನಡೆಯಿತು.

ಕನ್ನಡದವರಾಗಿ ಇದನ್ನು ಓದುವಾಗ ನಮ್ಮ ಕಥೆ ನೆನಪಾಗದೇ ಇರುವುದಿಲ್ಲ. 1960ರ ದಶಕದ ಹೋರಾಟದ ಬಳಿಕ ಕನ್ನಡಕ್ಕೆ ಡಬ್ಬಿಂಗ್ ಬರುವುದೇ ನಿಂತುಹೋಯಿತು. ಬರಹದಲ್ಲಿ ಕಾನೂನಿಲ್ಲದಿದ್ದರೂ ಉದ್ಯಮದ ಒಪ್ಪಂದವೇ ಕಾನೂನಾಗಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟಿತು. 2017ರಲ್ಲಿ ಕನ್ನಡಕ್ಕೆ ಡಬ್ ಆದ 'ಸತ್ಯದೇವ್ ಐಪಿಎಸ್' ತೆರೆಗೆ ಬಂತು. ಎರಡೂ ಕಡೆ ಕಾಳಜಿ ಒಂದೇ: ನಮ್ಮ ಭಾಷೆಯ ಕಲಾವಿದರಿಗೆ ಕೆಲಸ ಉಳಿಯಬೇಕು. ನಾವು ಡಬ್ಬಿಂಗನ್ನು ಹೊರಗಿಟ್ಟೆವು. ಫ್ರೆಂಚರು ಒಳಗೆ ಕರೆದುಕೊಂಡು, ನಮ್ಮವರ ಕೈಯಲ್ಲೇ ಮಾಡಿಸಿ ಅಂದರು. ಅವರ ದಾರಿಯಿಂದ ಒಂದು ದೊಡ್ಡ ವೃತ್ತಿಯೇ ಬೆಳೆಯಿತು. ನಮ್ಮಲ್ಲಿ ಎಷ್ಟೋ ಒಳ್ಳೆಯ ದನಿಗಳಿಗೆ ಆ ಅವಕಾಶ ಸಿಗಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ಅಲ್ಲಿನ ಕಲಾವಿದರಿಗೆ ಎಲ್ಲವೂ ಕೂತಲ್ಲೇ ಸಿಕ್ಕಿಲ್ಲ. 1985ರ ಜುಲೈನಲ್ಲಿ ಬಂದ ಕಾನೂನು ನಟರಿಗೂ ತಮ್ಮ ಅಭಿನಯದ ಮೇಲೆ ಹಕ್ಕು ಕೊಟ್ಟಿತು. ಅದನ್ನು ರೆಕಾರ್ಡ್ ಮಾಡಲು, ನಕಲು ಮಾಡಲು, ಜನರಿಗೆ ತಲುಪಿಸಲು ನಟನ ಲಿಖಿತ ಒಪ್ಪಿಗೆ ಬೇಕು. ಆದರೆ ಡಬ್ಬಿಂಗ್ ಕಲಾವಿದರಿಗೆ ಸಿನಿಮಾ ಟಿವಿಯಲ್ಲಿ ಮರುಪ್ರಸಾರವಾದಾಗ, ಕ್ಯಾಸೆಟ್ ಮಾರಾಟವಾದಾಗ ಪಾಲು ಸಿಗುತ್ತಿರಲಿಲ್ಲ. 1994ರ ಅಕ್ಟೋಬರ್‌ನಲ್ಲಿ ಅವರು ಕೆಲಸ ನಿಲ್ಲಿಸಿದರು. ಮುಷ್ಕರ ಹತ್ತಿರ ಹತ್ತಿರ ಮೂರು ತಿಂಗಳು ನಡೆಯಿತು. ಆ ಅವಧಿಯಲ್ಲಿ ಎಷ್ಟೋ ಪಾತ್ರಗಳ ದನಿ ಬದಲಾಗಿ, ಪ್ರೇಕ್ಷಕರಿಗೆ ಮೊದಲ ಬಾರಿ ಈ ಕಲಾವಿದರ ಬೆಲೆ ಗೊತ್ತಾಯಿತು. ಪಾಲಿನ ಬಗ್ಗೆ ಗಟ್ಟಿಯಾದ ಒಪ್ಪಂದ ಆಗುವ ಹೊತ್ತಿಗೆ 2005 ಬಂದಿತ್ತು.

ಈ ಹಕ್ಕುಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದ್ದವು: ಹೊಸ ಮಾತು ಬೇಕು ಅಂದರೆ ಮನುಷ್ಯ ಬಂದು ಕಂಬಿಯ ಹಿಂದೆ ನಿಲ್ಲಲೇಬೇಕು. 2025ರಲ್ಲಿ ಅಲುಗಾಡಿದ್ದು ಆ ನಂಬಿಕೆ.

ಜನವರಿಯಲ್ಲಿ ನಡೆದದ್ದು

2012ರ 'ಎಕ್ಸ್‌ಪೆಂಡಬಲ್ಸ್ 2'ರಲ್ಲಿ ಸ್ಟಲೋನ್, ಬ್ರೂಸ್ ವಿಲ್ಲಿಸ್, ಆರ್ನಾಲ್ಡ್ ಶ್ವಾರ್ಜ್‌ನೆಗರ್ ಮೂವರೂ ಒಟ್ಟಿಗೆ ಗುಂಡು ಹಾರಿಸುತ್ತಾರೆ. ಫ್ರೆಂಚ್ ಆವೃತ್ತಿಯಲ್ಲಿ ಅದು ಇನ್ನೊಂದು ತ್ರಿವಳಿಯ ಕೂಟ: ಸ್ಟಲೋನ್‌ಗೆ ಡೋರ್ವಾಲ್, ವಿಲ್ಲಿಸ್‌ಗೆ ಪಾತ್ರಿಕ್ ಪ್ವಾವೇ, ಆರ್ನಾಲ್ಡ್‌ಗೆ ಡ್ಯಾನಿಯೆಲ್ ಬೆರೆಟಾ. ಪ್ವಾವೇ 2020ರ ಜೂನ್‌ನಲ್ಲಿ ತೀರಿಕೊಂಡರು. ಡೋರ್ವಾಲ್ 2024ರ ಫೆಬ್ರವರಿಯಲ್ಲಿ, ಬೆರೆಟಾ ಮರುತಿಂಗಳೇ. 1980ರ ದಶಕದ ಆ್ಯಕ್ಷನ್ ಸಿನಿಮಾ ನೋಡಿ ಬೆಳೆದ ಫ್ರೆಂಚರಿಗೆ ನಾಲ್ಕು ವರ್ಷದೊಳಗೆ ಆ ಕಾಲದ ದನಿಗಳೆಲ್ಲ ಹೋದವು. ಆ ತಾರೆಯರು ಮಾತ್ರ ಇನ್ನೂ ಇದ್ದಾರೆ, ಸ್ಟಲೋನ್ ಇನ್ನೂ ನಟಿಸುತ್ತಲೇ ಇದ್ದಾರೆ. ಅಂದರೆ ಮಾರುಕಟ್ಟೆಗೆ ಒಂದು ಕೊರತೆ ಕಾಣಿಸಿತು.

ಇಲೆವೆನ್‌ಲ್ಯಾಬ್ಸ್ ಹುಟ್ಟಿದ ಕಥೆಯೂ ಡಬ್ಬಿಂಗ್‌ಗೇ ಸಂಬಂಧಪಟ್ಟದ್ದು. 2022ರಲ್ಲಿ ಅದನ್ನು ಕಟ್ಟಿದ ಇಬ್ಬರೂ ಪೋಲೆಂಡ್‌ನವರು. ಅಲ್ಲಿ ವಿದೇಶಿ ಸಿನಿಮಾ ಟಿವಿಯಲ್ಲಿ ಬರುವಾಗ ಒಬ್ಬನೇ ಗಂಡಸು ಎಲ್ಲ ಪಾತ್ರಗಳ ಮಾತನ್ನೂ, ಹೆಂಗಸರದ್ದೂ ಮಕ್ಕಳದ್ದೂ ಸೇರಿ, ಒಂದೇ ಸಮನೆ ಓದುತ್ತಾ ಹೋಗುವ ಪದ್ಧತಿ ಇದೆ. ಅದನ್ನು ಕೇಳಿ ಬೆಳೆದ ಬೇಸರದಿಂದಲೇ ಈ ಕೆಲಸಕ್ಕೆ ಇಳಿದೆವು ಅಂತ ಅವರು ಹೇಳಿಕೊಂಡಿದ್ದಾರೆ. ಬೇಸರ ನಿಜವಾದದ್ದೇ. ಆದರೆ ಆ ಬೇಸರಕ್ಕೆ ಫ್ರೆಂಚರು ಆಗಲೇ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ಪ್ರತಿ ಪಾತ್ರಕ್ಕೂ ಒಬ್ಬ ನಟ ಬೇಕು ಅನ್ನೋದೇ ಆ ಉತ್ತರ.

'ಆರ್ಮರ್' 2024ರ ಸಿನಿಮಾ. ಹಣ ಸಾಗಿಸುವ ಟ್ರಕ್ ಕಾಯುವ ಅಪ್ಪ-ಮಗನನ್ನು ದರೋಡೆಕೋರರು ಸೇತುವೆ ಮೇಲೆ ತಡೆಯುವ ಕಥೆ. ಸ್ಟಲೋನ್ ದರೋಡೆಕೋರರ ಕಡೆಯವರು. ಎಐನಿಂದ ಮಾಡಿದ ಫ್ರೆಂಚ್ ಮಾತಿನ ತುಣುಕು ಹೊರಬಂದಾಗ ಕೇಳಿದವರ ದೂರು ಒಂದೇ ತರ ಇತ್ತು. ದನಿಯ ಬಣ್ಣ ಡೋರ್ವಾಲ್‌ರದೇ. ಆದರೆ ಜೀವ ಇಲ್ಲ. ಮಾತು ಚಪ್ಪಟೆ, ಉಸಿರು ಮುಖಕ್ಕೆ ಸೇರುತ್ತಿಲ್ಲ.

ಕುಟುಂಬದ ಒಪ್ಪಿಗೆ ಇದೆ ಅಂತ ಕಂಪನಿ ಹೇಳಿತ್ತು. ಓರೋರ್ ಬೆರ್ಜೇ ಆಗ ಸ್ತ್ರೀ-ಪುರುಷ ಸಮಾನತೆಯ ಮಂತ್ರಿ. ಅವರ ತಾಯಿಯೂ ಡಬ್ಬಿಂಗ್ ಕಲಾವಿದೆಯೇ, ಹಾಗಾಗಿ ಈ ವೃತ್ತಿ ಅವರಿಗೆ ಹೊರಗಿನದ್ದಲ್ಲ. ಅವರು ಕೊಟ್ಟ ಸ್ಪಷ್ಟನೆ ಬೇರೆ ಇತ್ತು. ಒಪ್ಪಿದ್ದು ಒಂದು ಪ್ರಯೋಗಕ್ಕೆ ಮಾತ್ರ. ಬಳಸುವ ಮೊದಲು ತಾಯಿಗೂ ತನಗೂ ಕೊನೆಯ ಒಪ್ಪಿಗೆಯ ಅಧಿಕಾರ ಇರುತ್ತದೆ ಎನ್ನುವುದೇ ಆ ಒಪ್ಪಂದದ ಷರತ್ತು. ನಮ್ಮನ್ನು ಕೇಳದೆ ಏನೂ ಆಗುವಂತಿಲ್ಲ ಅಂತ ಅವರು ಹೇಳಿದರು.

ಕಲಾವಿದರು ಆಗಲೇ ಎಚ್ಚರವಾಗಿದ್ದರು. 2023ರಲ್ಲಿ ಹಾಲಿವುಡ್ ನಟರು ಎಐ ವಿಷಯವನ್ನೂ ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಮುಷ್ಕರ ಮಾಡಿದ್ದರು. ಫ್ರಾನ್ಸ್‌ನಲ್ಲಿ 'ನನ್ನ ಫ್ರೆಂಚ್ ಆವೃತ್ತಿ ಮುಟ್ಟಬೇಡಿ' ಎಂಬ ಅರ್ಥದ ಅಭಿಯಾನ 2024ರಲ್ಲೇ ಶುರುವಾಗಿತ್ತು. ಡೋರ್ವಾಲ್ ಪ್ರಕರಣ ಅವರ ಭಯಕ್ಕೆ ಒಂದು ಹೆಸರು, ಒಂದು ದನಿ ಕೊಟ್ಟಿತು.

ಒಪ್ಪಿಗೆ ಯಾರದ್ದು?

ನನ್ನ ಮಟ್ಟಿಗೆ ಇಲ್ಲಿ ಎಲ್ಲಕ್ಕಿಂತ ಕಠಿಣವಾದ ಭಾಗ ಕಾನೂನು. ಫ್ರಾನ್ಸ್ ಕಾನೂನಿನಲ್ಲಿ ನಟನಿಗೆ ತನ್ನ ಹೆಸರು, ತನ್ನ ಅಭಿನಯ ಎರಡಕ್ಕೂ ಗೌರವ ಕೇಳುವ ಹಕ್ಕಿದೆ. ಅದನ್ನು ಮಾರಲಾಗದು. ನಟ ಸತ್ತ ಮೇಲೆ, ಅವನ ಅಭಿನಯವನ್ನೂ ನೆನಪನ್ನೂ ಕಾಪಾಡಲು ಅದು ವಾರಸುದಾರರಿಗೆ ಬರುತ್ತದೆ. ಕೇಳಲು ಭದ್ರವಾಗಿದೆ, ಅಲ್ವಾ? ಆದರೆ ಅದು ಕಾಪಾಡುವುದು ನಟ ಮಾಡಿದ ಅಭಿನಯವನ್ನು. ಡೋರ್ವಾಲ್ 'ಆರ್ಮರ್'ನಲ್ಲಿ ಅಭಿನಯಿಸಿಯೇ ಇಲ್ಲ. ಮಾಡದೇ ಇರುವ ಅಭಿನಯಕ್ಕೆ ಅವರ ಹೆಸರು ಅಂಟಿಸಿದಾಗ ಆ ಹಕ್ಕು ಅದನ್ನು ಹೇಗೆ ಹಿಡಿಯಬೇಕು?

ಬದುಕಿರುವವರ ವಿಷಯದಲ್ಲಿ ಕಾನೂನು ಇನ್ನೂ ಸ್ವಲ್ಪ ಗಟ್ಟಿ. ದನಿ ವ್ಯಕ್ತಿಯ ಖಾಸಗಿ ಗುರುತು ಅಂತ ನ್ಯಾಯಾಲಯಗಳು ಒಪ್ಪುತ್ತವೆ. ಒಪ್ಪಿಗೆಯಿಲ್ಲದೆ ಎಐನಿಂದ ಒಬ್ಬರ ಚಿತ್ರ, ದನಿ ಸೃಷ್ಟಿಸಿ ಹಂಚುವುದನ್ನು 2024ರ ಮೇ ತಿಂಗಳ ಕಾನೂನು ಅಪರಾಧದ ಪಟ್ಟಿಗೆ ಸೇರಿಸಿತು. ಸಾವಿನ ಜತೆ ವ್ಯಕ್ತಿಯ ಇಂಥ ಹಕ್ಕುಗಳು ಬಹುತೇಕ ಮುಗಿದುಹೋಗುತ್ತವೆ. ಉಳಿಯುವುದು ಕುಟುಂಬದ ಮಾತು.

ಕುಟುಂಬದ ಮಾತಿಗೆ ಬೆಲೆ ಇದೆ, ಇರಲೇಬೇಕು. ಬೆರ್ಜೇ ತಾಯಿ-ಮಗಳು ಕೊನೆಯ ಒಪ್ಪಿಗೆ ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದು ಜಾಣತನ. ಆದರೂ ಕುಟುಂಬ ಒಪ್ಪಿದರೆ ಎಲ್ಲ ಸರಿ ಅನ್ನೋ ವಾದ ನನಗೆ ಸಾಲದು ಅನ್ನಿಸುತ್ತದೆ. ಯಾಕೆಂದರೆ ನಷ್ಟ ಆಗುವುದು ಕುಟುಂಬಕ್ಕೆ ಮಾತ್ರವಲ್ಲ. ಡೋರ್ವಾಲ್ ಹೋದ ಮೇಲೆ ಆ ಪಾತ್ರ ಇನ್ನೊಬ್ಬ ನಟನಿಗೆ ಸಿಗಬೇಕಿತ್ತು. ಸಂಭಾಷಣೆ ಬರೆಯುವವರಿಗೆ, ಡಬ್ಬಿಂಗ್ ನಿರ್ದೇಶಕರಿಗೆ ಒಬ್ಬ ಬದುಕಿರುವ ಮನುಷ್ಯನ ಜತೆ ಕೆಲಸ ಮಾಡುವ ಅವಕಾಶ ಇರಬೇಕಿತ್ತು. ಸತ್ತವರ ದನಿ ಎಂದಿಗೂ ನಿವೃತ್ತಿ ಆಗದಿದ್ದರೆ ಮೂವತ್ತರ ಹೊಸಬನಿಗೆ ಯಾವ 'ರಾಕಿ' ಸಿಗುತ್ತದೆ?

ಫ್ರೆಂಚ್ ಡಬ್ಬಿಂಗ್‌ನಲ್ಲೇ ಪಾತ್ರ ದಾಟಿಸುವ ಒಳ್ಳೆಯ ಉದಾಹರಣೆ ಇದೆ. ರೋಜೇ ಕಾರೆಲ್ 1967ರ ಮೊದಲ ಕಾರ್ಟೂನ್ ಸಿನಿಮಾದಿಂದ ಆಸ್ಟ್ರಿಕ್ಸ್‌ನ ದನಿ. ವಿನ್ನಿ ದ ಪೂ, 'ಸ್ಟಾರ್ ವಾರ್ಸ್'ನ ಚಿನ್ನದ ಬಣ್ಣದ ರೋಬೋ, ಟಿವಿಯ ಪತ್ತೇದಾರ ಪ್ವಾರೋ, ಎಲ್ಲವೂ ಇವರೇ. ವಯಸ್ಸು 87 ಆದಾಗ, 2014ರಲ್ಲಿ, ಕೊನೆಯ ಬಾರಿ ಆಸ್ಟ್ರಿಕ್ಸ್ ಆದರು. 2018ರ ಮುಂದಿನ ಸಿನಿಮಾದಲ್ಲಿ ಆ ದನಿ ಕ್ರಿಸ್ಟಿಯಾನ್ ಕ್ಲಾವಿಯೇ ಅವರದು. ಕೆಲವರಿಗೆ ಇಷ್ಟವಾಯಿತು, ಕೆಲವರಿಗೆ ಆಗಲಿಲ್ಲ. ಆದರೆ ಕಾರೆಲ್ ಬದುಕಿರುವಾಗಲೇ ಪಾತ್ರ ಇನ್ನೊಬ್ಬ ನಟನ ಕೈಗೆ ಹೋಯಿತು. ರಂಗಭೂಮಿಯಲ್ಲಿ ಪಾತ್ರ ತಲೆಮಾರಿನಿಂದ ತಲೆಮಾರಿಗೆ ಹೋಗುವುದೂ ಹೀಗೆಯೇ.

ಅಪ್ಪು ಮತ್ತು ಡೋರ್ವಾಲ್

ಹಾಗಾದರೆ ಸತ್ತವರ ದನಿಯನ್ನು ತಂತ್ರಜ್ಞಾನದಿಂದ ತರುವುದೇ ತಪ್ಪಾ? ಕನ್ನಡದವರಿಗೆ ಈ ಪ್ರಶ್ನೆ ದೂರದ್ದಲ್ಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ 'ಜೇಮ್ಸ್' ಚಿತ್ರಕ್ಕೆ ಅವರ ಡಬ್ಬಿಂಗ್ ಬಾಕಿ ಇತ್ತು. ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು. 2022ರ ಮಾರ್ಚ್ 17ರಂದು, ಅಪ್ಪು ಹುಟ್ಟುಹಬ್ಬದ ದಿನ, ಸಿನಿಮಾ ಬಂತು. ತಮ್ಮನ ಮುಖಕ್ಕೆ ಅಣ್ಣನ ದನಿ ಕೇಳಿ ಥಿಯೇಟರ್‌ಗಳಲ್ಲಿ ಜನ ಅತ್ತರು. ಮುಂದಿನ ತಿಂಗಳು ತಂತ್ರಜ್ಞಾನದ ನೆರವಿನಿಂದ ಅಪ್ಪು ದನಿಯನ್ನೇ ಕೂರಿಸಿದ ಆವೃತ್ತಿ ತೆರೆಗೆ ಬಂತು. ಆಗ ಇಲ್ಲಿ ಯಾರೂ ಫ್ರೆಂಚರ ಹಾಗೆ ಸಿಟ್ಟಾಗಲಿಲ್ಲ. ಸಂತೋಷವೇ ಪಟ್ಟರು.

ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ 'ಜೇಮ್ಸ್'ನಲ್ಲಿ ಆ ಪಾತ್ರ ಅಪ್ಪು ಅವರದೇ. ಕ್ಯಾಮೆರಾ ಮುಂದೆ ಆ ಸಾಲುಗಳನ್ನು ಹೇಳಿ, ಓಡಿ, ಹೊಡೆದಾಡಿ ಮುಗಿಸಿದ್ದರು. ಉಳಿದದ್ದು ಕೊನೆಯ ಹಂತ ಮಾತ್ರ. ತಂತ್ರಜ್ಞಾನ ಅವರ ಅಭಿನಯವನ್ನು ಪೂರ್ತಿ ಮಾಡಿತು. ಇನ್ನೊಬ್ಬ ನಟನ ಜಾಗ ಕಿತ್ತುಕೊಳ್ಳಲಿಲ್ಲ. ಡೋರ್ವಾಲ್ ವಿಷಯದಲ್ಲಿ ಹಾಗಲ್ಲ. ಅವರು 'ಆರ್ಮರ್' ನೋಡಿಲ್ಲ, ಆ ಪಾತ್ರದ ಬಗ್ಗೆ ಯೋಚಿಸಿಲ್ಲ, ಸ್ಟಲೋನ್ ಮುಖದ ಹೊಸ ಸುಕ್ಕಿಗೆ ಯಾವ ಉಸಿರು ಬೇಕು ಅಂತ ನಿರ್ಧರಿಸಿಲ್ಲ. ಆ ನಿರ್ಧಾರಗಳೇ ಅವರ ವೃತ್ತಿ. ಮಾದರಿ ತುಣುಕು ಚಪ್ಪಟೆಯಾಗಿ ಕೇಳಿಸಿದ್ದಕ್ಕೆ ತಂತ್ರಜ್ಞಾನ ಇನ್ನೂ ಪಳಗಿಲ್ಲ ಅನ್ನೋದು ಒಂದು ಕಾರಣ ಇರಬಹುದು. ನಾಳೆ ಅದು ಪಳಗುತ್ತದೆ. ಆಗಲೂ ಈ ವ್ಯತ್ಯಾಸ ಹೋಗುವುದಿಲ್ಲ.

ಬದುಕಿರುವವರಿಗೂ ಇದು ದೂರದ ಅಪಾಯವಲ್ಲ ಅನ್ನೋದು ಅದೇ ವರ್ಷ ಗೊತ್ತಾಯಿತು. ಫ್ರಾನ್ಸ್ವಾಸ್ ಕಾದೋಲ್ 1990ರ ದಶಕದಿಂದ 'ಟೂಂಬ್ ರೇಡರ್' ಗೇಮ್‌ಗಳ ಲಾರಾ ಕ್ರಾಫ್ಟ್‌ಗೆ ಫ್ರೆಂಚ್ ದನಿ, ಏಂಜಲಿನಾ ಜೋಲಿಗೂ ಅವರೇ. 2025ರಲ್ಲಿ ಹಳೆಯ ಗೇಮ್‌ಗಳ ಹೊಸ ಆವೃತ್ತಿಯ ಅಪ್‌ಡೇಟ್ ಒಂದರಲ್ಲಿ ತಾವು ಹೇಳದ ಸಾಲುಗಳು ತಮ್ಮದೇ ದನಿಯಲ್ಲಿ ಬರುತ್ತಿವೆ ಅಂತ ಅವರಿಗೆ ಅಭಿಮಾನಿಗಳಿಂದ ತಿಳಿಯಿತು. ವಕೀಲರ ಮೂಲಕ ನೋಟಿಸ್ ಹೋಯಿತು. ಗೇಮ್ ಬಿಡುಗಡೆ ಮಾಡಿದ ಆಸ್ಪೈರ್ ಕಂಪನಿ ಆ ಸಾಲುಗಳನ್ನು ತೆಗೆಯಿತು.

ಈಗ ಫ್ರೆಂಚ್ ಕಲಾವಿದರು ಕೇಳುತ್ತಿರುವುದು ಬಹಳ ಸರಳ. ಡಬ್ಬಿಂಗ್‌ಗೆ ಕೊಟ್ಟ ರೆಕಾರ್ಡಿಂಗನ್ನು ಎಐಗೆ ಕಲಿಸಲು ಬಳಸಬಾರದು, ಬಳಸಬೇಕಾದರೆ ಬೇರೆಯೇ ಲಿಖಿತ ಒಪ್ಪಿಗೆ ಬೇಕು, ಬೇರೆಯೇ ಸಂಭಾವನೆ ಬೇಕು. ಇದನ್ನು ಪ್ರತಿ ಸಿನಿಮಾದ ಕರಾರಿನಲ್ಲೇ ಬರೆಸಬೇಕು ಎನ್ನುವುದು ಅವರ ಪಟ್ಟು. ನಾನಾದರೆ ಅದಕ್ಕೆ ಇನ್ನೊಂದು ಸಾಲು ಸೇರಿಸುತ್ತೇನೆ: ತಾನು ಸತ್ತ ಮೇಲೆ ತನ್ನ ದನಿಯಿಂದ ಹೊಸ ಪಾತ್ರ ಮಾಡಿಸಬಹುದೋ ಬೇಡವೋ ಅಂತ ಕಲಾವಿದ ಬದುಕಿದ್ದಾಗಲೇ ಬರೆದಿಡಲು ಜಾಗ ಇರಲಿ. ಡೋರ್ವಾಲ್ 'ರಾಕಿ'ಗೆ ದನಿ ಕೊಟ್ಟ 1977ರಲ್ಲಿ ಅಂಥ ಸಾಲನ್ನು ಯಾರೂ ಊಹಿಸುವಂತಿರಲಿಲ್ಲ. ಈಗ ಕಂಬಿಯ ಹಿಂದೆ ನಿಲ್ಲುವವರು ಸಹಿ ಹಾಕುವ ಮೊದಲು ಅದನ್ನು ಹುಡುಕಬೇಕು, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು.